ಈಜುಕೊಳಕ್ಕೆ ಗಾಜಿನ ನಾರಿನ ಒಳಹೊದಿಕೆ

ಈಜುಕೊಳವೆಂಬುದು ನೆಲದಲ್ಲಿ ಹುದುಗಿಸಿಟ್ಟ ಒಂದು ದೊಡ್ಡ ಪಾತ್ರೆ. ನೀರನ್ನು ಹಿಡಿದಿಡುವುದೊಂದೇ ಅದರ ಕೆಲಸ. ಆದರೆ ಈ ಒಂದು ಕೆಲಸವನ್ನು ವರ್ಷಗಟ್ಟಲೆ ತಪ್ಪದೆ ಮಾಡುವ ಪಾತ್ರೆಯನ್ನು ಕಟ್ಟುವುದು ಸುಲಭವಲ್ಲ. ೨೫ ಮೀಟರ್ ಉದ್ದ, ೧೦ ಮೀಟರ್ ಅಗಲವಿರುವ ಕೊಳವೊಂದರಲ್ಲಿ ಸೋರಿಕೆಯಿಂದ ನೀರಿನ ಮಟ್ಟ ದಿನಕ್ಕೆ ಒಂದು ಸೆಂಟಿಮೀಟರ್ ಇಳಿಯುತ್ತದೆಂದು ಭಾವಿಸೋಣ. ದಡದಲ್ಲಿ ನಿಂತವರ ಕಣ್ಣಿಗೆ ಅದು ಗೋಚರವಾಗುವುದೇ ಸಂದೇಹ. ಆದರೂ ಲೆಕ್ಕ ಹಾಕಿ ನೋಡಿದರೆ ಅದು ದಿನಕ್ಕೆ ೨,೫೦೦ ಲೀಟರ್, ತಿಂಗಳಿಗೆ ೭೫,೦೦೦ ಲೀಟರ್ ಆಗುತ್ತದೆ. ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟಿ ನಿಲ್ಲುವ ಊರುಗಳಲ್ಲಿ ಇದು ಉಪೇಕ್ಷಿಸತಕ್ಕ ನಷ್ಟವಲ್ಲ. ಸೋರಿದ ನೀರು ಸುಮ್ಮನೆ ಹೋಗುವುದೂ ಇಲ್ಲ. ಕೊಳದ ತಳದ ಮಣ್ಣನ್ನು ಸಡಿಲಿಸುತ್ತದೆ, ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳಿಗೆ ತುಕ್ಕು ಹಿಡಿಸುತ್ತದೆ.

ಬಿಸಿಲಿಗೆ ಆವಿಯಾಗಿ ಹೋಗುವ ನೀರೆಷ್ಟು, ಸೋರಿ ಹೋಗುವ ನೀರೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ತಿಳಿಯಲು ಒಂದು ಸರಳ ಉಪಾಯವುಂಟು. ಒಂದು ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ಕೊಳದ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಡಬೇಕು. ಬಕೆಟ್ಟಿನ ಒಳಗಿನ ಮಟ್ಟವನ್ನೂ ಹೊರಗಿನ ಮಟ್ಟವನ್ನೂ ಗುರುತು ಮಾಡಿ, ಯಾರೂ ನೀರಿಗಿಳಿಯದಂತೆ ಒಂದು ದಿನ ಬಿಡಬೇಕು. ಎರಡಕ್ಕೂ ಬೀಳುವ ಬಿಸಿಲು ಒಂದೇ, ಬೀಸುವ ಗಾಳಿಯೂ ಒಂದೇ. ಆದುದರಿಂದ ಎರಡೂ ಸಮನಾಗಿ ಇಳಿದಿದ್ದರೆ ಅದು ಆವಿಯ ಪಾಲು. ಕೊಳದ ಮಟ್ಟ ಬಕೆಟ್ಟಿಗಿಂತ ಹೆಚ್ಚು ಇಳಿದಿದ್ದರೆ ಆ ವ್ಯತ್ಯಾಸವೇ ಸೋರಿಕೆ.

ಹೀಗೆ ಸೋರುವ ಹಳೆಯ ಕೊಳಗಳಿಗೆ ಮಾಡುವ ಚಿಕಿತ್ಸೆಗಳಲ್ಲಿ ಮುಖ್ಯವಾದ ಒಂದು, ಗಾಜಿನ ನಾರು ಮತ್ತು ರಾಳಗಳಿಂದಾದ ಒಳಹೊದಿಕೆಯನ್ನು ಹಾಸುವುದು. ದರ್ಜಿಯು ಕೋಟಿಗೆ ಅಸ್ತರಿ ಕೊಡುವಂತೆ ಇಲ್ಲಿ ಕೊಳದ ಗೋಡೆಗೂ ತಳಕ್ಕೂ ಒಂದು ಒಳಮೈಯನ್ನು ಕೊಡಲಾಗುತ್ತದೆ. ಈ ಒಳಮೈಯ ದಪ್ಪ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ಮಾತ್ರ. ಇಷ್ಟು ತೆಳುವಾದ ಪದರ ನೂರಾರು ಟನ್ ನೀರನ್ನು ಹೇಗೆ ತಡೆಯುತ್ತದೆ, ಕೆಲವೆಡೆ ವರ್ಷಗಳ ಕಾಲ ನಿಂತು ಕೆಲವೆಡೆ ಬೇಗನೆ ಗುಳ್ಳೆಯೆದ್ದು ಕಳಚುವುದೇಕೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕಾಂಕ್ರೀಟು ಏಕೆ ಸೋರುತ್ತದೆ?

ಮಣ್ಣಿನ ಮಡಕೆಯಲ್ಲಿಟ್ಟ ನೀರು ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಮಡಕೆಯ ಮೈಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳಿಂದ ನೀರು ಹೊರಬಂದು ಆವಿಯಾಗುವುದೇ ಅದಕ್ಕೆ ಕಾರಣ. ಕಾಂಕ್ರೀಟು ಕಲ್ಲಿನಂತೆ ತೋರಿದರೂ ಅದೂ ಒಂದು ಬಗೆಯ ಮಡಕೆಯೇ. ಸಿಮೆಂಟನ್ನು ಕಲಸುವಾಗ ರಾಸಾಯನಿಕ ಕ್ರಿಯೆಗೆ ಬೇಕಾದುದಕ್ಕಿಂತ ಹೆಚ್ಚಿನ ನೀರನ್ನು ಹಾಕುತ್ತೇವೆ. ಇಲ್ಲದಿದ್ದರೆ ಅದು ಅಚ್ಚಿನೊಳಗೆ ಸರಾಗವಾಗಿ ಇಳಿಯದು. ಈ ಹೆಚ್ಚಿನ ನೀರು ಒಣಗಿ ಹೋದಾಗ ಅದು ಇದ್ದ ಜಾಗ ಸೂಕ್ಷ್ಮ ನಾಳಗಳಾಗಿ ಉಳಿಯುತ್ತದೆ.

ಎರಡನೆಯ ದೋಷ ಇನ್ನೂ ದೊಡ್ಡದು. ಕಾಂಕ್ರೀಟು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ. ಎಳೆಯುವ ಬಲವನ್ನು ಸುಮಾರು ಅದರ ಹತ್ತರಲ್ಲಿ ಒಂದರಷ್ಟು ಮಾತ್ರ ತಾಳಬಲ್ಲದು. ನೆಲ ಸ್ವಲ್ಪ ಕುಸಿದರೆ, ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗಿದರೆ, ಎಲ್ಲಿಯಾದರೂ ಒಂದೆಡೆ ಎಳೆತ ಹೆಚ್ಚಾಗಿ ಬಿರುಕು ಬಿಡುತ್ತದೆ.

ಇದು ಇಂದಿನ ಸಮಸ್ಯೆಯಲ್ಲ. ಈಗಿನ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿರುವ ಮೊಹೆಂಜೊದಾರೊದ ಮಹಾ ಸ್ನಾನಘಟ್ಟವನ್ನು ೧೯೨೦ರ ದಶಕದಲ್ಲಿ ಅಗೆದು ತೆಗೆಯಲಾಯಿತು. ಅದು ಸುಮಾರು ೧೨ ಮೀಟರ್ ಉದ್ದ, ೭ ಮೀಟರ್ ಅಗಲ, ೨.೪ ಮೀಟರ್ ಆಳವುಳ್ಳ ಇಟ್ಟಿಗೆಯ ಕೊಳ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅದನ್ನು ಕಟ್ಟಿದವರು ಇಟ್ಟಿಗೆಗಳನ್ನು ಜಿಪ್ಸಮ್ ಗಾರೆಯಲ್ಲಿ ಒತ್ತಾಗಿ ಜೋಡಿಸಿದ್ದಲ್ಲದೆ, ಗೋಡೆಯ ಇಟ್ಟಿಗೆ ಸಾಲುಗಳ ನಡುವೆ ನೆಲದಿಂದ ದೊರೆಯುವ ಡಾಂಬರಿನ ಒಂದು ಪದರವನ್ನೂ ಕೊಟ್ಟಿದ್ದರು. ಗೋಡೆ ಬಲಕ್ಕೆ, ಪದರ ನೀರು ತಡೆಯುವುದಕ್ಕೆ ಎಂಬ ಕಾರ್ಯವಿಭಾಗ ಅವರಿಗೆ ತಿಳಿದಿತ್ತು. ಇನ್ನೊಂದು ವಿಷಯವನ್ನೂ ನಾವು ಗಮನಿಸಬೇಕು. ಅವರ ಡಾಂಬರು ಎರಡು ಇಟ್ಟಿಗೆ ಮೈಗಳ ನಡುವೆ ಇದ್ದುದರಿಂದ ಕಳಚಿ ಬೀಳಲು ಅದಕ್ಕೆ ಎಡೆಯೇ ಇರಲಿಲ್ಲ. ನಮ್ಮ ಗಾಜಿನ ನಾರಿನ ಹೊದಿಕೆಗೆ ಆ ಆಸರೆಯಿಲ್ಲ. ಅದು ಕೊಳದ ಮೈಗೆ ಹೊರಗಿನಿಂದ ಅಂಟಿಕೊಂಡಿರುವುದು. ಆದಕಾರಣ ಅದರ ಆಯುಸ್ಸೆಲ್ಲ ಅಂಟಿನಲ್ಲಿದೆ.

ದುರ್ಬಲವಾದ ಗಾಜಿಗೆ ಬಲ ಬರುವ ಬಗೆ

ಗಾಜು ಕೈಜಾರಿದರೆ ಚೂರಾಗುವ ವಸ್ತು. ಅಂಥದನ್ನು ಬಲಕ್ಕಾಗಿ ಬಳಸುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಇದರ ರಹಸ್ಯವನ್ನು ಬಿಡಿಸಿದವನು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ವಿಮಾನ ಸಂಶೋಧನಾ ಸಂಸ್ಥೆಯ ಎ. ಎ. ಗ್ರಿಫಿತ್. ೧೯೨೧ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಆತ ಬೇರೆ ಬೇರೆ ದಪ್ಪದ ಗಾಜಿನ ಎಳೆಗಳನ್ನು ಎಳೆದು ಮುರಿದು ನೋಡಿದ ಫಲಿತಾಂಶಗಳನ್ನು ಕೊಟ್ಟಿದ್ದಾನೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ಎಳೆ ಪ್ರತಿ ಚದರ ಮಿಲಿಮೀಟರಿಗೆ ೧೭ ಕಿಲೋಗ್ರಾಮಿನಷ್ಟು ಭಾರಕ್ಕೆ ಮುರಿಯಿತು. ಸುಮಾರು ೩ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಮೂರು ಭಾಗದಷ್ಟು ತೆಳುವಾದ ಎಳೆ ಮುರಿಯಲು ಅಷ್ಟೇ ವಿಸ್ತೀರ್ಣಕ್ಕೆ ೩೪೫ ಕಿಲೋಗ್ರಾಮ್ ಬೇಕಾಯಿತು. ವಸ್ತು ಅದೇ, ಬಲ ಮಾತ್ರ ಇಪ್ಪತ್ತು ಪಟ್ಟು.

ಗಾಜಿನ ದೌರ್ಬಲ್ಯ ಗಾಜಿನ ಸ್ವಭಾವದಲ್ಲಿಲ್ಲ, ಅದರ ಮೈಮೇಲಿನ ಗೀರುಗಳಲ್ಲಿದೆ ಎಂಬುದೇ ಗ್ರಿಫಿತ್ ಕೊಟ್ಟ ಸಮಾಧಾನ. ಬಟ್ಟೆಯ ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿದರೆ ಸುಲಭವಾಗಿ ಹರಿಯುತ್ತದೆಯಲ್ಲವೆ? ಹಾಗೆಯೇ ಗೀರಿನ ತುದಿಯಲ್ಲಿ ಎಳೆತವೆಲ್ಲ ಒಟ್ಟುಗೂಡಿ ಬಿರುಕು ಓಡುತ್ತದೆ. ತೀರ ತೆಳುವಾದ ಎಳೆಯಲ್ಲಿ ದೊಡ್ಡ ಗೀರಿಗೆ ಸ್ಥಳವೇ ಇಲ್ಲ.

ಇಂಥ ಎಳೆಗಳನ್ನು ರಾಶಿರಾಶಿಯಾಗಿ ಮಾಡುವ ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ೧೯೩೨ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಗಾಜಿನ ಕಾರ್ಖಾನೆಯೊಂದರಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಸಂಶೋಧಕನು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಯತ್ನಿಸುತ್ತಿದ್ದಾಗ, ಒತ್ತಿದ ಗಾಳಿಯ ಧಾರೆ ಕರಗಿದ ಗಾಜಿಗೆ ಬಡಿದು ಅದು ನವುರಾದ ನಾರುಗಳಾಗಿ ಚದರಿತು. ಅವನ ಮೇಲಧಿಕಾರಿಯಾಗಿದ್ದ ಗೇಮ್ಸ್ ಸ್ಲೇಟರ್ ಇದನ್ನು ಒಂದು ಕೈಗಾರಿಕೆಯಾಗಿ ಬೆಳೆಸಿದನು. ಇಂದು ಹೊದಿಕೆಗೆ ಬಳಸುವ ಉದ್ದ ಎಳೆಗಳನ್ನು ಕರಗಿದ ಗಾಜನ್ನು ಸಣ್ಣ ರಂಧ್ರಗಳ ಮೂಲಕ ವೇಗವಾಗಿ ಸೆಳೆದು ಮಾಡುತ್ತಾರೆ. ಒಂದೊಂದು ಎಳೆಯ ದಪ್ಪ ಸುಮಾರು ೧೦ರಿಂದ ೨೦ ಮೈಕ್ರಾನ್. ನಮ್ಮ ತಲೆಗೂದಲು ಇದರ ಹಲವು ಪಟ್ಟು ದಪ್ಪ. ನೂರಾರು ಎಳೆಗಳ ಕಟ್ಟುಗಳನ್ನು ಸುಮಾರು ೫ ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಎಲ್ಲ ದಿಕ್ಕಿಗೂ ಹರಡಿ, ಅಂಟಿನಿಂದ ಹಗುರಾಗಿ ಕೂಡಿಸಿದರೆ ಬಿಳಿಯ ಚಾಪೆಯಂಥ ಹಾಳೆ ಸಿದ್ಧವಾಗುತ್ತದೆ. ಕೆಲಸಗಾರರು ಇದನ್ನು ಮ್ಯಾಟ್ ಎಂದು ಕರೆಯುತ್ತಾರೆ. ಕೊಳಗಳಿಗೆ ಸಾಮಾನ್ಯವಾಗಿ ಚದರ ಮೀಟರಿಗೆ ೪೫೦ ಗ್ರಾಮ್ ತೂಗುವ ಮ್ಯಾಟನ್ನು ಬಳಸುತ್ತಾರೆ; ರಾಳ ಸೇರಿದ ಮೇಲೆ ಒಂದು ಪದರ ಸುಮಾರು ಒಂದು ಮಿಲಿಮೀಟರ್ ದಪ್ಪವಾಗುತ್ತದೆ.

ಬರಿಯ ನಾರು ನೀರನ್ನು ತಡೆಯಲಾರದು. ಬರಿಯ ರಾಳ ಎಳೆತಕ್ಕೆ ಬಿರಿಯುತ್ತದೆ. ಎರಡೂ ಕೂಡಿದಾಗ ಆಗುವುದನ್ನು ನಮ್ಮ ಹಳ್ಳಿಯ ಗೋಡೆಗಳಲ್ಲಿ ಕಾಣಬಹುದು. ಗೋಡೆಯ ಮಣ್ಣಿಗೆ ಹುಲ್ಲನ್ನು ಬೆರೆಸಿ ತುಳಿಯುವ ಪದ್ಧತಿ ಬಹಳ ಹಳೆಯದು. ಮಣ್ಣು ಒಣಗಿ ಬಿರಿಯಲು ಹೊರಟಾಗ ಹುಲ್ಲು ಬಿರುಕಿನ ಎರಡು ದಡಗಳನ್ನೂ ಹಿಡಿದು ನಿಲ್ಲುತ್ತದೆ. ರಾಳವು ಮಣ್ಣಿನ ಸ್ಥಾನದಲ್ಲಿ, ಗಾಜು ಹುಲ್ಲಿನ ಸ್ಥಾನದಲ್ಲಿ ನಿಂತರೆ ಅದೇ ಫೈಬರ್‌ಗ್ಲಾಸ್.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಈ ತತ್ತ್ವವನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ನೀರಿನಲ್ಲಿ ಕಲಸಿ, ೧೫ ಸೆಂಟಿಮೀಟರ್ ಉದ್ದ, ೨ ಸೆಂಟಿಮೀಟರ್ ಅಗಲ ಮತ್ತು ದಪ್ಪವಿರುವ ಮೂರು ಪಟ್ಟಿಗಳನ್ನು ಎರಕ ಹೊಯ್ಯಿರಿ. ಮೊದಲನೆಯದರಲ್ಲಿ ಏನನ್ನೂ ಸೇರಿಸಬೇಡಿ. ಎರಡನೆಯದಕ್ಕೆ ೩ ಸೆಂಟಿಮೀಟರಿನಷ್ಟು ಉದ್ದಕ್ಕೆ ಕತ್ತರಿಸಿದ ಸೆಣಬಿನ ನಾರನ್ನು ಒಂದು ಚಿಟಿಕೆ ಬೆರೆಸಿರಿ. ಮೂರನೆಯದಕ್ಕೂ ಅಷ್ಟೇ ನಾರನ್ನು ಬೆರೆಸಿರಿ. ಆದರೆ ಮೊದಲು ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಹಿಂಡಿ ತೆಗೆಯಿರಿ. ಎರಡು ದಿನ ಒಣಗಿದ ಮೇಲೆ ಪಟ್ಟಿಯ ಎರಡು ತುದಿಗಳನ್ನೂ ಇಟ್ಟಿಗೆಗಳ ಮೇಲಿರಿಸಿ, ನಡುವೆ ಒಂದು ಡಬ್ಬಿಯನ್ನು ತೂಗುಹಾಕಿ, ಅದರೊಳಕ್ಕೆ ಮೆಲ್ಲನೆ ಮರಳನ್ನು ಸುರಿಯಿರಿ.

ಮೊದಲನೆಯ ಪಟ್ಟಿ ಯಾವ ಮುನ್ಸೂಚನೆಯೂ ಇಲ್ಲದೆ ಥಟ್ಟನೆ ಎರಡಾಗುತ್ತದೆ. ಎರಡನೆಯದು ಬಿರುಕು ಬಿಟ್ಟ ಮೇಲೂ ನಾರಿನ ಹಿಡಿತದಿಂದ ಜೋತುಕೊಂಡಿರುತ್ತದೆ. ಮೂರನೆಯದರಲ್ಲಿ ನಾರಿದ್ದರೂ ಎಣ್ಣೆಯ ದೆಸೆಯಿಂದ ಅದು ಪ್ಲಾಸ್ಟರನ್ನು ಬಿಗಿಯಾಗಿ ಹಿಡಿದಿರುವುದಿಲ್ಲ. ಎರಡನೆಯದಕ್ಕಿಂತ ಬೇಗ ಕೈಬಿಡುತ್ತದೆ. ಮುರಿದ ಜಾಗವನ್ನು ಮಸೂರದಿಂದ ನೋಡಿದರೆ ಎಳೆಗಳು ತುಂಡಾಗದೆ ಕಳಚಿ ಬಂದಿರುವುದು ಕಾಣುತ್ತದೆ. ನಾರು ಇದ್ದರೆ ಸಾಲದು, ಅದು ಅಂಟಿಕೊಂಡಿರಬೇಕು ಎಂಬುದೇ ಈ ಮೂರನೆಯ ಪಟ್ಟಿ ಕಲಿಸುವ ಪಾಠ. ನಮ್ಮ ವಿಷಯದ ತಿರುಳೂ ಇದೇ.

ಗಾಜಿನ ನಾರಿನ ಆರಂಭದ ದಿನಗಳಲ್ಲಿಯೂ ಈ ತೊಂದರೆ ಕಾಣಿಸಿಕೊಂಡಿತ್ತು. ಗಾಜಿನ ಮೈ ನೀರನ್ನು ಬಲು ಪ್ರೀತಿಯಿಂದ ಸೆಳೆಯುತ್ತದೆ. ಒದ್ದೆಯಾದಾಗ ನೀರು ರಾಳಕ್ಕೂ ಗಾಜಿಗೂ ನಡುವೆ ನುಸುಳಿ ಅವನ್ನು ಬೇರ್ಪಡಿಸುತ್ತಿತ್ತು. ಸೈಲೇನ್ ಎಂಬ ಸಂಯುಕ್ತಗಳನ್ನು ನಾರಿಗೆ ಲೇಪಿಸಿ ಈ ದೋಷವನ್ನು ನಿವಾರಿಸಿದರು. ಸೈಲೇನ್ ಅಣುವಿನ ಒಂದು ತುದಿ ಗಾಜಿನೊಡನೆಯೂ ಇನ್ನೊಂದು ತುದಿ ರಾಳದೊಡನೆಯೂ ರಾಸಾಯನಿಕವಾಗಿ ಕೂಡುತ್ತದೆ. ಹೀಗೆ ಅದು ಎರಡು ಅಪರಿಚಿತ ವಸ್ತುಗಳ ಕೈಗಳನ್ನು ಕೂಡಿಸುವ ಮಧ್ಯಸ್ಥ.

ರಾಳ ಗಟ್ಟಿಯಾಗುವ ಬಗೆ

ಕೊಳಗಳಿಗೆ ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್ ರಾಳ. ಡಬ್ಬಿಯಲ್ಲಿದ್ದಾಗ ಇದು ಜೇನಿನಂಥ ದ್ರವ. ಪಾಲಿಯೆಸ್ಟರಿನ ಉದ್ದನೆಯ ಅಣುಸರಪಳಿಗಳು ಸ್ಟೈರೀನ್ ಎಂಬ ತೆಳುವಾದ ದ್ರವದಲ್ಲಿ ಕರಗಿರುತ್ತವೆ. ಸರಪಳಿಗಳಲ್ಲಿ ಅಲ್ಲಲ್ಲಿ ದ್ವಿಬಂಧಗಳಿವೆ. ಸ್ಟೈರೀನ್ ಅಣುವಿನಲ್ಲಿಯೂ ಒಂದು ದ್ವಿಬಂಧವಿದೆ. ಈ ದ್ವಿಬಂಧಗಳು ತೆರೆದುಕೊಂಡು ಕೂಡಿದರೆ ಸ್ಟೈರೀನ್ ಅಣುಗಳು ಸರಪಳಿಯಿಂದ ಸರಪಳಿಗೆ ಸೇತುವೆಗಳಾಗಿ, ಇಡೀ ದ್ರವವೇ ಒಂದು ಮೂರು ಆಯಾಮದ ಬಲೆಯಾಗುತ್ತದೆ. ಆ ಕ್ರಿಯೆಯನ್ನು ಆರಂಭಿಸಲು ಒಂದು ಪೆರಾಕ್ಸೈಡು, ಅದನ್ನು ಚುರುಕುಗೊಳಿಸಲು ಕೋಬಾಲ್ಟಿನ ಒಂದು ಲವಣ ಬೇಕು. ಕಿಲೋಗ್ರಾಮ್ ರಾಳಕ್ಕೆ ೧೦ರಿಂದ ೨೦ ಗ್ರಾಮ್ ಪೆರಾಕ್ಸೈಡು ಸಾಕು.

ಬೆಲ್ಲವನ್ನು ಕಾಯಿಸಿದರೆ ಕರಗುತ್ತದೆ, ಆರಿಸಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಆದರೆ ಬೆಂದ ಇಡ್ಲಿಯನ್ನು ಏನು ಮಾಡಿದರೂ ಹಿಟ್ಟಾಗಿಸಲಾಗದು. ಪಾಲಿಯೆಸ್ಟರ್ ರಾಳ ಇಡ್ಲಿಯ ಜಾತಿಗೆ ಸೇರಿದ್ದು. ಒಮ್ಮೆ ಬಲೆ ಹೆಣೆದುಕೊಂಡಿತೆಂದರೆ ಹಿಂದಿರುಗುವ ಮಾತಿಲ್ಲ. ಆದುದರಿಂದ ಕೆಲಸಗಾರನಿಗೆ ಕೊಟ್ಟಿರುವ ಅವಧಿ ಕೆಲವು ನಿಮಿಷಗಳು ಮಾತ್ರ. ಈ ಕ್ರಿಯೆ ಶಾಖವನ್ನು ಹೊರಗೆಡಹುವಂಥದು. ಹೆಚ್ಚು ರಾಳವನ್ನು ಒಂದೇ ಪಾತ್ರೆಯಲ್ಲಿ ಕಲಸಿಟ್ಟರೆ ಶಾಖ ಹೊರಹೋಗಲಾರದೆ ಕ್ರಿಯೆ ಇನ್ನೂ ವೇಗವಾಗಿ, ಪಾತ್ರೆ ಹೊಗೆಯಾಡುವಷ್ಟು ಕಾಯುತ್ತದೆ. ತೆಳುವಾಗಿ ಹರಡಿದ ರಾಳದಲ್ಲಿ ಆ ಭಯವಿಲ್ಲ.

ಕೆಲಸದ ಕ್ರಮ

ಒಳ್ಳೆಯ ಹೊದಿಕೆಯ ಶ್ರಮದಲ್ಲಿ ದೊಡ್ಡ ಪಾಲು ಮ್ಯಾಟನ್ನು ಬಿಚ್ಚುವುದಕ್ಕೆ ಮುಂಚೆಯೇ ಮುಗಿದಿರಬೇಕು. ಮೊದಲು ಹಳೆಯ ಬಣ್ಣವನ್ನು ಕೆರೆದು ತೆಗೆಯಬೇಕು. ಗೋಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಜಾಗ ಒಂದು ಬಗೆಯ ನಾದವನ್ನೂ ಟೊಳ್ಳು ಜಾಗ ಬೇರೊಂದು ಬಗೆಯ ನಾದವನ್ನೂ ಕೊಡುತ್ತದೆ. ಟೊಳ್ಳಾದ ಗಾರೆಯನ್ನೆಲ್ಲ ಕಿತ್ತುಹಾಕಿ ಹೊಸದಾಗಿ ತುಂಬಬೇಕು. ಸಡಿಲವಾದ ಗಾರೆಗೆ ಹೊದಿಕೆ ಎಷ್ಟು ಚೆನ್ನಾಗಿ ಅಂಟಿದರೇನು? ಗಾರೆಯೇ ಅದನ್ನು ಹೊತ್ತುಕೊಂಡು ಬೀಳುತ್ತದೆ. ಆಮೇಲೆ ಮರಳನ್ನು ರಭಸದಿಂದ ಚಿಮ್ಮಿಸಿಯೋ ಉಜ್ಜುವ ಯಂತ್ರದಿಂದಲೋ ಮೈಯನ್ನು ತರಿತರಿಯಾಗಿಸುತ್ತಾರೆ. ನುಣುಪಾದ ಮೈಗಿಂತ ತರಿಯಾದ ಮೈಯಲ್ಲಿ ರಾಳ ಹಿಡಿಯಲು ಹೆಚ್ಚು ಎಡೆಯುಂಟು.

ಮುಂದಿನದು ಒಣಗಿಸುವ ಕೆಲಸ. ಹೊಸ ಕಾಂಕ್ರೀಟಾದರೆ ಕನಿಷ್ಠ ೨೮ ದಿನ ಕಾಯಬೇಕು. ಕಾಂಕ್ರೀಟಿನ ಮೈ ಒಣಗಿದಂತೆ ಕಂಡರೂ ಒಡಲು ಒದ್ದೆಯಿರಬಹುದು. ಇದನ್ನು ಪರೀಕ್ಷಿಸಲು ಅರ್ಧ ಮೀಟರ್ ಚದರದ ಒಂದು ಪಾಲಿಥೀನ್ ಹಾಳೆಯ ನಾಲ್ಕು ಅಂಚುಗಳನ್ನೂ ಗೋಡೆಗೆ ಅಂಟಿಸಿ ಒಂದು ರಾತ್ರಿ ಬಿಡುತ್ತಾರೆ. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಹನಿಗಳು ಕೂಡಿದ್ದರೆ ಕೊಳ ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಸಿದ್ಧವಾದ ಮೇಲೆ, ಕಾಂಕ್ರೀಟಿನ ರಂಧ್ರಗಳೊಳಕ್ಕೆ ಇಳಿಯುವಂಥ ತೆಳುವಾದ ಪ್ರಥಮ ಲೇಪವನ್ನು ಬಳಿಯುತ್ತಾರೆ. ಇದು ಮರದ ಬೇರಿನಂತೆ ಹೊದಿಕೆಗೆ ನೆಲೆಯನ್ನು ಕೊಡುತ್ತದೆ. ಅಷ್ಟೇ ಅಲ್ಲ, ಸಿಮೆಂಟಿನ ಕ್ಷಾರ ಪಾಲಿಯೆಸ್ಟರನ್ನು ಮೆಲ್ಲಮೆಲ್ಲನೆ ವಿಭಜಿಸಬಲ್ಲದಾದುದರಿಂದ ಅದರ ಸೋಂಕನ್ನೂ ತಡೆಯುತ್ತದೆ. ಗೋಡೆಯೂ ತಳವೂ ಸೇರುವ ಚೂಪು ಮೂಲೆಗಳಲ್ಲಿ ಮ್ಯಾಟ್ ಬಾಗದೆ ಸೆಟೆದು ನಿಲ್ಲುತ್ತದೆ, ಅದರ ಹಿಂದೆ ಪೊಳ್ಳು ಉಳಿಯುತ್ತದೆ. ಆದುದರಿಂದ ಮೂಲೆಗಳನ್ನು ಮೊದಲೇ ತುಂಬಿ ದುಂಡಗೆ ಮಾಡುತ್ತಾರೆ.

ಈಗ ಗೋಡೆಗೆ ರಾಳವನ್ನು ಬಳಿದು, ಅದರ ಮೇಲೆ ಮ್ಯಾಟನ್ನು ಹಾಸಿ, ಮೇಲಿನಿಂದ ಮತ್ತೆ ರಾಳವನ್ನು ಉಣಿಸಿ, ಗೆರೆಗಳುಳ್ಳ ಲೋಹದ ಉರುಳೆಯಿಂದ ಉಜ್ಜಿ ಗಾಳಿಯನ್ನು ಹೊರದೂಡುತ್ತಾರೆ. ನಾರಿನ ತೂಕದ ಎರಡು ಅಥವಾ ಎರಡೂವರೆ ಪಟ್ಟು ರಾಳ ಬೇಕಾಗುತ್ತದೆ. ಇಲ್ಲಿ ಒಂದು ಸುಂದರವಾದ ದೃಶ್ಯವನ್ನು ಕಾಣಬಹುದು. ಹಾಲಿನಂತೆ ಬೆಳ್ಳಗಿದ್ದ ಮ್ಯಾಟ್ ರಾಳವನ್ನು ಕುಡಿಯುತ್ತಿದ್ದಂತೆಯೇ ಕಣ್ಮರೆಯಾಗಿ, ಹಿಂದಿನ ಗೋಡೆ ಕಾಣಿಸತೊಡಗುತ್ತದೆ. ಎಣ್ಣೆ ತಾಗಿದ ಕಾಗದ ಪಾರದರ್ಶಕವಾಗುವುದೂ ಇದೇ ಕಾರಣದಿಂದ. ಗಾಜಿಗೂ ಗಾಳಿಗೂ ವಕ್ರೀಭವನಾಂಕದಲ್ಲಿ ಬಹಳ ಅಂತರವಿರುವುದರಿಂದ ಪ್ರತಿ ಎಳೆಯ ಮೈಯಲ್ಲಿಯೂ ಬೆಳಕು ಚದರಿ ಮ್ಯಾಟ್ ಬೆಳ್ಳಗೆ ತೋರುತ್ತದೆ. ರಾಳದ ವಕ್ರೀಭವನಾಂಕವೂ ಗಾಜಿನದೂ ಸರಿಸುಮಾರು ೧.೫೫, ಗಾಳಿಯ ಜಾಗವನ್ನು ರಾಳ ಆಕ್ರಮಿಸಿದಾಗ ಬೆಳಕಿಗೆ ಗಡಿಯೇ ತಿಳಿಯದು. ಆದುದರಿಂದ ಎಲ್ಲಿ ಬಿಳುಪು ಉಳಿದಿದೆಯೋ ಅಲ್ಲಿ ರಾಳ ಗಾಜನ್ನು ಮುಟ್ಟಿಲ್ಲವೆಂದೇ ಅರ್ಥ. ಅಂಟು ಸರಿಯಾಗಿದೆಯೆ ಎಂಬುದನ್ನು ಕಣ್ಣಿನಿಂದಲೇ ಪರೀಕ್ಷಿಸುವ ಇಂಥ ಅವಕಾಶ ಬೇರೆ ಕೆಲಸಗಳಲ್ಲಿ ಅಪರೂಪ.

ಒಂದು ಹಾಳೆಯ ಅಂಚು ಇನ್ನೊಂದರ ಮೇಲೆ ಕೆಲವು ಸೆಂಟಿಮೀಟರ್ ಏರುವಂತೆಯೂ, ಎರಡನೆಯ ಪದರದ ಕೂಡುಗಳು ಮೊದಲನೆಯದರ ಕೂಡುಗಳ ಮೇಲೆ ಬೀಳದಂತೆಯೂ ಹಾಸುತ್ತಾರೆ. ಕೊನೆಯಲ್ಲಿ ಬಣ್ಣ ಬೆರೆಸಿದ ಮೇಲ್ಲೇಪ. ಗಾಳಿಯ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುವುದರಿಂದ ತೆರೆದ ಮೈ ಅಂಟಂಟಾಗಿಯೇ ಉಳಿಯುವ ಸಂಭವವುಂಟು. ಅದಕ್ಕಾಗಿ ಈ ಲೇಪದಲ್ಲಿ ಸ್ವಲ್ಪ ಮೇಣವನ್ನು ಕರಗಿಸಿರುತ್ತಾರೆ. ಲೇಪ ಹೆಪ್ಪುಗಟ್ಟುವಾಗ ಮೇಣ ಮೇಲಕ್ಕೆದ್ದು ತೆಳ್ಳನೆಯ ತೆರೆಯಾಗಿ ಗಾಳಿಯನ್ನು ದೂರವಿಡುತ್ತದೆ. ಕೊಳದ ಮೇಲಂಚಿನಲ್ಲಿಯೂ, ನೀರು ಬರುವ ಹೋಗುವ ಕೊಳವೆಗಳ ಬಾಯಿಗಳಲ್ಲಿಯೂ ಹೊದಿಕೆಯ ಅಂಚನ್ನು ಬಹು ಎಚ್ಚರಿಕೆಯಿಂದ ಮುಚ್ಚಬೇಕು. ಅಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ನೀರು ಹಿಂಬದಿಗೆ ಸೇರುತ್ತದೆ. ಇಷ್ಟಾದ ಮೇಲೆ ಹಲವು ದಿನ ಗಟ್ಟಿಯಾಗಲು ಬಿಟ್ಟು ಅನಂತರವೇ ನೀರು ತುಂಬತಕ್ಕದ್ದು.

ನೀರು ನಡೆಸುವ ಪರೀಕ್ಷೆ

ಕೊಳ ತುಂಬಿರುವಾಗ ನೀರು ಹೊದಿಕೆಗೆ ಮಿತ್ರನೇ. ಎರಡು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಮೀಟರಿಗೆ ೨,೦೦೦ ಕಿಲೋಗ್ರಾಮಿನಷ್ಟು ಭಾರದಿಂದ ಹೊದಿಕೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಭಾರವನ್ನು ಹೊರುವುದು ಕಾಂಕ್ರೀಟು. ಹೊದಿಕೆ ತೂತಾಗದಿದ್ದರೆ ಸಾಕು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿರುವಾಗ ಕೊಳವನ್ನು ಬರಿದುಮಾಡಿದರೆ ಮಾತ್ರ ಪರಿಸ್ಥಿತಿ ತಲೆಕೆಳಗಾಗುತ್ತದೆ. ಹೊರಗಿನ ನೀರು ತಳಕ್ಕಿಂತ ಒಂದು ಮೀಟರ್ ಎತ್ತರದಲ್ಲಿದ್ದು, ಕಾಂಕ್ರೀಟಿನ ಬಿರುಕುಗಳಿಂದ ಒಳನುಸುಳಿತೆಂದರೆ ಪ್ರತಿ ಚದರ ಮೀಟರಿಗೆ ೧,೦೦೦ ಕಿಲೋಗ್ರಾಮಿನಷ್ಟು ಬಲ ಹೊದಿಕೆಯನ್ನು ಹಿಂದಿನಿಂದ ತಳ್ಳುತ್ತದೆ. ಆಗ ಅದನ್ನು ಹಿಡಿದಿಡುವುದು ಅಂಟೊಂದೇ. ಆರ್ಕಿಮಿಡೀಸನ ತತ್ತ್ವದಂತೆ ನಮ್ಮ ೨೫೦ ಚದರ ಮೀಟರಿನ ಇಡೀ ಕೊಳದ ಮೇಲೆ ಬೀಳುವ ಮೇಲ್ತಳ್ಳು ೨೫೦ ಟನ್. ಬರಿದಾದ ಕೊಳಗಳೇ ದೋಣಿಗಳಂತೆ ನೆಲದಿಂದ ಮೇಲೆದ್ದ ಉದಾಹರಣೆಗಳುಂಟು. ಈ ಕಾರಣದಿಂದಲೇ ಹೊದಿಕೆಯ ಕೆಲಸವನ್ನು ಒಣ ಋತುವಿನಲ್ಲಿ ಮಾಡುವುದು, ತಳದಲ್ಲಿ ಹೊರಗಿನ ಒತ್ತಡವನ್ನು ಇಳಿಸುವ ಕವಾಟವನ್ನು ಇಡುವುದು ವಿವೇಕ.

ಬರಿದಾದ ಕೊಳಕ್ಕೆ ಬಿಸಿಲೂ ಒಂದು ಪರೀಕ್ಷೆ. ಉಷ್ಣತೆ ೧೦ ಡಿಗ್ರಿ ಏರಿದರೆ ೨೫ ಮೀಟರ್ ಉದ್ದದ ಕಾಂಕ್ರೀಟು ಸುಮಾರು ೨.೫ ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಹೊದಿಕೆಯನ್ನು ಬಿಡಿಯಾಗಿ ಬಿಟ್ಟರೆ ಸುಮಾರು ೬ ಮಿಲಿಮೀಟರ್ ಹಿಗ್ಗುತ್ತಿತ್ತು. ಈ ವ್ಯತ್ಯಾಸದ ಜಗಳವನ್ನು ದಿನದಿನವೂ ತಡೆದುಕೊಳ್ಳುವುದು ಅಂಟಿನ ಪದರ. ಆದ್ದರಿಂದ ಕೊಳವನ್ನು ಬಹುಕಾಲ ಬರಿದಾಗಿ ಬಿಸಿಲಿಗೆ ಬಿಡಬಾರದು.

ಇನ್ನೊಂದು ದಾಳಿ ಬಲು ಗುಪ್ತವಾದುದು. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಉಬ್ಬುತ್ತದೆ. ದಟ್ಟವಾದ ಸಕ್ಕರೆ ಪಾಕದಲ್ಲಿ ಹಾಕಿದರೆ ಹಾಗೆ ಉಬ್ಬುವುದಿಲ್ಲ. ಸಿಪ್ಪೆ ನೀರನ್ನು ಒಳಗೆ ಬಿಡುತ್ತದೆ, ಒಳಗಿನ ಸಕ್ಕರೆಯನ್ನು ಸುಲಭವಾಗಿ ಹೊರಬಿಡದು. ಇದೇ ಅಭಿಸರಣೆ. ಗಟ್ಟಿಯಾದ ರಾಳದ ಮೂಲಕವೂ ನೀರಿನ ಅಣುಗಳು ಅತಿ ನಿಧಾನವಾಗಿ ಹಾದು ಹೋಗುತ್ತವೆ. ಒಳಗೆ ಎಲ್ಲಿಯಾದರೂ ರಾಳ ಮುಟ್ಟದ ಪೊಳ್ಳು ಇದ್ದು, ಕ್ರಿಯೆಯಲ್ಲಿ ಭಾಗವಹಿಸದೆ ಉಳಿದ ಪದಾರ್ಥ ಅಲ್ಲಿ ಕರಗಿತೆಂದರೆ ಅದೊಂದು ಒಣದ್ರಾಕ್ಷಿಯಂತಾಗುತ್ತದೆ. ವಾಂಟ್ ಹಾಫನ ಸೂತ್ರದ ಪ್ರಕಾರ, ಲೀಟರಿಗೆ ಮೋಲಿನ ಹತ್ತರಲ್ಲಿ ಒಂದು ಭಾಗ ಕರಗಿರುವ ದ್ರಾವಣದ ಅಭಿಸರಣ ಒತ್ತಡ ೨೫ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು ೨.೪ ವಾಯುಭಾರ. ಅದು ೨೫ ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಎರಡು ಮೀಟರ್ ಆಳದ ಕೊಳದ ಒತ್ತಡ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಹೀಗೆ ಹೊದಿಕೆಯ ಮೇಲೆ ಗುಳ್ಳೆಗಳೇಳುತ್ತವೆ. ಅವನ್ನು ಚುಚ್ಚಿದರೆ ಹೊರಬರುವ ದ್ರವಕ್ಕೆ ಹಲವು ವೇಳೆ ಹುಳಿ ವಾಸನೆಯಿರುತ್ತದೆ. ನೀರು ರಾಳವನ್ನೇ ಒಡೆದು ಆಮ್ಲಗಳನ್ನು ಹುಟ್ಟಿಸಿರುವುದರ ಕುರುಹು ಅದು. ಬೆಚ್ಚನೆಯ ನೀರಿನಲ್ಲಿ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ನೀರಿಗೆ ಹೆಚ್ಚು ನಿಲ್ಲುವ ಐಸೊಥಾಲಿಕ್ ಅಥವಾ ವಿನೈಲ್ ಎಸ್ಟರ್ ಜಾತಿಯ ರಾಳವನ್ನು ಬಳಸುವುದೂ, ಪೊಳ್ಳು ಬಿಡದೆ ಹಾಸುವುದೂ ಇದಕ್ಕೆ ತಕ್ಕ ಮದ್ದು.

ಹೊದಿಕೆ ಏನನ್ನು ಮಾಡಲಾರದು ಎಂಬುದನ್ನೂ ಹೇಳಬೇಕು. ನೆಲ ಕುಸಿಯುತ್ತಲೇ ಇದ್ದು ಬಿರುಕು ಅಗಲವಾಗುತ್ತಲೇ ಹೋಗುವ ಕೊಳವನ್ನು ಅದು ಉಳಿಸಲಾರದು. ಮ್ಯಾಟಿನ ಹೊದಿಕೆ ತನ್ನ ಉದ್ದದ ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ಹಿಗ್ಗಿ ಆಮೇಲೆ ಹರಿಯುತ್ತದೆ. ಅಂಥ ಕೊಳಕ್ಕೆ ಮೊದಲು ಬೇಕಾದದ್ದು ತಳಪಾಯದ ದುರಸ್ತಿ. ಸೋರಿಕೆ ನೆಲದಡಿಯ ಕೊಳವೆಯಲ್ಲಿದ್ದರೂ ಹೊದಿಕೆಯಿಂದ ಪ್ರಯ��ಜನವಿಲ್ಲ.

ಕೆಲಸಗಾರರ ಕ್ಷೇಮ

ಈ ಕೆಲಸದಲ್ಲಿ ಪಣವಾಗಿರುವುದು ನೀರೊಂದೇ ಅಲ್ಲ. ಸ್ಟೈರೀನಿನ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಬರಿದಾದ ಕೊಳ ಒಂದು ದೊಡ್ಡ ಬಟ್ಟಲು. ಆವಿ ಅದರ ತಳದಲ್ಲಿ, ಬಗ್ಗಿ ಕೆಲಸ ಮಾಡುವವರ ಮೂಗಿನ ಬಳಿಯಲ್ಲಿಯೇ ನಿಲ್ಲುತ್ತದೆ. ೨೦೧೮ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಸ್ಟೈರೀನನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿದರು. ೩೧ ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿನಲ್ಲಿಯೇ ಅದರ ಆವಿಗೆ ಕಿಡಿ ತಾಗಿದರೆ ಉರಿ ಹೊತ್ತಿಕೊಳ್ಳಬಲ್ಲದು. ನಮ್ಮ ಬೇಸಗೆಯ ಮಧ್ಯಾಹ್ನ ಅದಕ್ಕಿಂತ ಬಿಸಿ. ಆದುದರಿಂದ ತಳದ ಗಾಳಿಯನ್ನು ಹೊರಗೆಳೆಯುವ ಪಂಖಗಳು, ಆವಿಯನ್ನು ತಡೆಯುವ ಮುಖಕವಚಗಳು ಇರಲೇಬೇಕು. ಬೀಡಿ, ಬೆಂಕಿಗಳು ಹತ್ತಿರ ಸುಳಿಯಕೂಡದು. ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಪೆರಾಕ್ಸೈಡನ್ನೂ ಕೋಬಾಲ್ಟಿನ ಲವಣವನ್ನೂ ನೇರವಾಗಿ ಎಂದಿಗೂ ಬೆರೆಸಬಾರದು, ಸಿಡಿಯುತ್ತದೆ. ಒಂದನ್ನು ರಾಳದಲ್ಲಿ ಪೂರ್ತಿಯಾಗಿ ಕದಡಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಈ ಕಾರಣಗಳಿಂದ ರಾಳದ ಕೆಲಸವನ್ನು ವಿದ್ಯಾರ್ಥಿಗಳು ಪ್ರಯೋಗವೆಂದು ಮನೆಯಲ್ಲಿ ಮಾಡಲು ಹೋಗಬಾರದು. ಕಿತ್ತ ಹಳೆಯ ಹೊದಿಕೆಯನ್ನು ಕರಗಿಸಿ ಮತ್ತೆ ಬಳಸುವ ಹಾಗಿಲ್ಲವೆಂಬುದೂ ನೆನಪಿರಲಿ. ಕೆಟ್ಟ ಕೆಲಸ ಎರಡು ಬಾರಿ ಖರ್ಚು, ಒಂದು ರಾಶಿ ಕಸ.

ಹೊದಿಕೆಯಲ್ಲಿ ಮೂರು ಬೆಸುಗೆಗಳಿವೆ. ಗಾಜಿನೆಳೆಗೂ ರಾಳಕ್ಕೂ ಒಂದು, ಪದರಕ್ಕೂ ಪದರಕ್ಕೂ ಒಂದು, ಹೊದಿಕೆಗೂ ಕಾಂಕ್ರೀಟಿಗೂ ಒಂದು. ಗಾಜಿನ ಬಲ, ರಾಳದ ಗುಣ ಇವೆಲ್ಲ ಕಾರ್ಖಾನೆಯಿಂದ ಬರುತ್ತವೆ; ಹಣ ಕೊಟ್ಟರೆ ಸಿಗುತ್ತವೆ. ಈ ಬೆಸುಗೆಗಳು ಮಾತ್ರ ಕೊಳದ ತಳದಲ್ಲಿ, ಕೆಲಸಗಾರರ ಕೈಯಲ್ಲಿ, ಕೆಲವೇ ನಿಮಿಷಗಳ ಅವಧಿಯಲ್ಲಿ ಹುಟ್ಟುತ್ತವೆ. ಮೇಲ್ಲೇಪ ಒಣಗಿ ನೀಲಿಯಾಗಿ ಹೊಳೆಯತೊಡಗಿದ ಮೇಲೆ ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಇರುವ ಅಂತರ ನೋಡುವವರಿಗೆ ತಿಳಿಯದು. ನೀರಿಗೆ ಮಾತ್ರ ತಿಳಿಯುತ್ತದೆ. ಒಂದು ರಾತ್ರಿ ಹೆಚ್ಚು ಕಾದು ಗೋಡೆ ಒಣಗಿದ ಮೇಲೆಯೇ ಮ್ಯಾಟನ್ನು ಬಿಚ್ಚಿದ ಕೆಲಸಗಾರನು ಮುಂದೆ ಎಷ್ಟೋ ವರ್ಷ ಸಾವಿರಾರು ಲೀಟರ್ ನೀರನ್ನು ಉಳಿಸಿದಂತಾಯಿತು.